ಬ್ಯಾಂಕಾಕ್ ಮಾರ್ಗವಾಗಿ

ಮಗಳು ಹೇಳಿದ್ದು ಒಂದೇ ಒಂದು ಮಾತು. ಅಹಲ್ಯಾಳ ಬದುಕು ಬುಡಮೇಲಾಗಲು ಅಷ್ಟೇ ಸಾಕಾಯಿತು. ಕೌಟುಂಬಿಕ ನ್ಯಾಯಾಲಯದ ಪುಟ್ಟ ಕೋಣೆಯೊಂದರಲ್ಲಿ, ಗೊಂಬೆ, ಬಣ್ಣದ ಪೆನ್ಸಿಲುಗಳ ನಡುವೆ ಕೂರಿಸಿಕೊಂಡು, ವಿಚಾರಣೆಯ ಹೆಂಗಸು ನಯವಾಗಿ ಕೇಳಿದ್ದಳಂತೆ, ನಿಶಾ-ಚಾನ್, ನಿನಗೆ ಎಲ್ಲಿ ಇರುವುದಕ್ಕೆ ಇಷ್ಟ ಎಂದು. ಎಂಟು ವರ್ಷದ ನಿಶಾ ಬಣ್ಣ ಹಚ್ಚುತ್ತಿದ್ದ ಚಿತ್ರದಿಂದ ತಲೆ ಎತ್ತದೆ ‘ಕೊಕೊ’ ಅಂದಳಂತೆ. ಇಲ್ಲಿ. ಇಲ್ಲಿ ಎಂದರೆ ಜಪಾನಿನ ಒಕಾಜಾಕಿಯಲ್ಲಿ. ಇಲ್ಲಿ ಎಂದರೆ, ಮಾರ್ಚ್ ಮುಗಿದ ಮೇಲೆ ಅವಳ ಅಮ್ಮ ಇರಲು ಸಾಧ್ಯವೇ ಇಲ್ಲದ ಊರಿನಲ್ಲಿ.

ಈ ಸಂಸಾರ ಜಪಾನಿಗೆ ಬಂದದ್ದಾದರೂ ಯಾರ ದೆಸೆಯಿಂದ? ಸಂಶೋಧನಾ ಸಂಸ್ಥೆ ಕರೆದದ್ದು ಅಹಲ್ಯಾಳನ್ನು. ಗಂಡ ವಿನಾಯಕ್ ಬಂದದ್ದು ಅವಳ ವೀಸಾದ ಬಾಲ ಹಿಡಿದುಕೊಂಡು. ಮೈಸೂರಿನ ಕೆಲಸ ಬಿಟ್ಟು ಹೆಂಡತಿಯ ಹಿಂದೆ ಬಂದ ಪಾಪದವನು ಎಂದು ಅವಳೇ ನಾಲ್ಕು ಜನರ ಹತ್ತಿರ ಹೇಳಿಕೊಂಡು ಓಡಾಡಿದ್ದಳು. ಆ ಪಾಪದವನು ಮಗಳಿಗೆ ಊಟ ಕಟ್ಟಿಕೊಡುತ್ತ, ಜಡೆ ಹಾಕುತ್ತ, ಸದ್ದಿಲ್ಲದೆ ಜಪಾನಿ ಕಲಿತ, ಪರೀಕ್ಷೆ ಪಾಸು ಮಾಡಿದ, ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಕಾಯಂ ಕೆಲಸ ಹಿಡಿದ, ಸ್ವಂತ ವೀಸಾ ಮಾಡಿಸಿಕೊಂಡ. ಅವಳೋ ದಿನಾ ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿ, ಪ್ರಯೋಗಾಲಯದ ಮೀನುಗಳು ಮೊಟ್ಟೆಯಿಡುವ ಹೊತ್ತಿಗೆ ಗಾಜಿನ ತೊಟ್ಟಿಗಳ ಮುಂದೆ ಹಾಜರಾಗುತ್ತಿದ್ದಳು. ಮಗಳು ಏಳುವಾಗ ಅವಳು ಮನೆಯಲ್ಲಿ ಇದ್ದದ್ದೇ ಇಲ್ಲ. ಹೀಗೆ ಮೀನುಗಳಿಗೆ ದುಡಿದದ್ದಕ್ಕೆ ಸಂಸ್ಥೆ ಕೊಟ್ಟ ಬಹುಮಾನವೆಂದರೆ, ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸಲು ಆಗದು, ದಯವಿಟ್ಟು ಕ್ಷಮಿಸಿ. ಗುತ್ತಿಗೆ ಹೋದರೆ ಅವಳ ವೀಸಾವೂ ಹೋದಂತೆ. ಗಂಡ ಹೆಂಡತಿಯ ಸಂಬಂಧ ಅಷ್ಟರಲ್ಲಿ ಕೂಗಾಟವಿಲ್ಲದೆ, ತಟ್ಟೆ ಲೋಟ ಒಡೆಯದೆ ಸತ್ತುಹೋಗಿತ್ತು. ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ ಹಿಡಿದಿದ್ದರು.

ಮಧ್ಯಸ್ಥಿಕೆಗೆ ಕೂತ ಇಬ್ಬರು, ಅಜ್ಜ ಅಜ್ಜಿಯಂಥವರು, ಬಹಳ ಮರ್ಯಾದೆಯಿಂದ ತೀರ್ಮಾನ ಓದಿದರು. ವಿಚ್ಛೇದನ. ಮಗು ತಂದೆಯ ವಶಕ್ಕೆ. ಮಾರ್ಚ್‌ವರೆಗೆ ತಾಯಿ ಅದೇ ಮನೆಯಲ್ಲಿ ಇರಬಹುದು, ಆಮೇಲೆ ರಜೆಯಲ್ಲಿ ಬಂದು ನೋಡಬಹುದು. ಬಂದು ನೋಡುವುದಂತೆ. ಹೆತ್ತ ಮಗಳನ್ನು, ಮೃಗಾಲಯಕ್ಕೆ ಹೋಗಿ ಬಂದ ಹಾಗೆ. ಅಹಲ್ಯಾ ತಲೆ ಬಗ್ಗಿಸಿ ಸಹಿ ಹಾಕಿದಳು. ಇಲ್ಲ ಎಂದು ಜಗಳವಾಡಲು ಬೇಕಾದಷ್ಟು ಜಪಾನಿ ಅವಳಿಗೆ ಬರುತ್ತಿರಲಿಲ್ಲ. ಆ ಸಾಯಂಕಾಲವೇ ವಿನಾಯಕ್ ಮಗಳ ಪಾಸ್‌ಪೋರ್ಟನ್ನು ಆಫೀಸಿನ ಲಾಕರಿನಲ್ಲಿ ಇಟ್ಟುಬಂದ. ಮುಚ್ಚುಮರೆ ಮಾಡಲಿಲ್ಲ, ಎದುರಿಗೇ ಹೇಳಿದ.

“ತಪ್ಪು ತಿಳ್ಕೋಬೇಡ ಅಹಲ್ಯಾ. ಲಾಯರ್ ಹೇಳಿದ್ರು. ನೀನೇನಾದ್ರೂ ಅವಳನ್ನ ಕರ್ಕೊಂಡು ಹೊರಟ್ರೆ, ನಾನು ಒಂದು ಫೋನ್ ಮಾಡಿದ್ರೆ ಸಾಕಂತೆ, ಏರ್‌ಪೋರ್ಟಲ್ಲೇ ನಿಲ್ಲಿಸ್ತಾರಂತೆ.”

ಬೆದರಿಸಲು ಹೇಳಿದ ಮಾತಲ್ಲ ಅದು. ವಿನಾಯಕನಿಗೆ ಬೆದರಿಸಲು ಬರುವುದಿಲ್ಲ. ಆದರೆ ಅಹಲ್ಯಾ ಆ ಮಾತನ್ನು ಸಂಶೋಧಕಿಯ ಕಿವಿಯಿಂದ ಕೇಳಿಸಿಕೊಂಡಳು. ಒಂದು ಫೋನು. ಅಂದರೆ ಪೊಲೀಸರು ತಾವಾಗಿ ಕಾಯುತ್ತಿಲ್ಲ, ನಿಲ್ದಾಣದ ಕಂಪ್ಯೂಟರಿನಲ್ಲಿ ನಿಶಾಳ ಹೆಸರಿಲ್ಲ. ವಿಮಾನ ಮೇಲೇಳುವ ತನಕ ವಿನಾಯಕನಿಗೆ ಆ ಫೋನು ಮಾಡುವ ಕಾರಣ ಹುಟ್ಟದಿದ್ದರೆ ಮುಗಿಯಿತು. ಇಡೀ ಸಮಸ್ಯೆ ಇಷ್ಟಕ್ಕೆ ಇಳಿದ ಮೇಲೆ ಅವಳಿಗೆ ಎಷ್ಟೋ ದಿನಗಳ ನಂತರ ಹಸಿವಾಯಿತು, ಎದ್ದುಹೋಗಿ ಮೊಸರನ್ನ ಕಲಸಿಕೊಂಡು ತಿಂದಳು.

ಭಾರತಕ್ಕೆ ಹೋಗಿ ಸೇರಿದರೆ ಯಾವ ಹೆದರಿಕೆಯೂ ಇರಲಿಲ್ಲ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಹೊತ್ತೊಯ್ದರೆ ಹಿಂದಕ್ಕೆ ಕಳಿಸಬೇಕು ಎಂಬ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿದೆ, ಭಾರತ ಹಾಕಿಲ್ಲ. ಆದರೆ ಹತ್ತಿರದ ನಗೋಯಾದಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ, ಎಲ್ಲಾದರೂ ಇಳಿದು ಹತ್ತಲೇಬೇಕು. ಎಲ್ಲಿ ಇಳಿಯುವುದು? ಸಿಂಗಾಪುರಕ್ಕೆ ವೀಸಾ ಬೇಕು. ಹಾಂಗ್‌ಕಾಂಗಿಗೆ ಮೊದಲೇ ನೋಂದಣಿ ಮಾಡಿಸಬೇಕು. ಥೈಲ್ಯಾಂಡಿಗಾದರೆ ಭಾರತದ ಪಾಸ್‌ಪೋರ್ಟ್ ಇದ್ದವರು ಪ್ರವಾಸಕ್ಕೆ ವೀಸಾ ಇಲ್ಲದೆ ಹೋಗಬಹುದು. ಅದಕ್ಕಿಂತ ಮುಖ್ಯ, ಜಪಾನಿನಲ್ಲಿ ಯಾರನ್ನು ಕೇಳಿದರೂ ಬ್ಯಾಂಕಾಕಿಗೆ ಹೊರಟವರು ಎಂದರೆ ರಜೆಗೆ ಹೊರಟವರು. ಮೈಸೂರಿಗೆ ಹೊರಟ ತಾಯಿ ಮಗಳನ್ನು ನೋಡಿದರೆ ಗಂಡನೆಲ್ಲಿ ಎಂದು ಕೇಳಬಹುದು. ಆನೆ ನೋಡಲು ಹೊರಟ ತಾಯಿ ಮಗಳಿಗೆ ಕೈಬೀಸಿ ಕಳಿಸಿಕೊಡುತ್ತಾರೆ.

ಮೊದಲ ಕೆಲಸ ಪಾಸ್‌ಪೋರ್ಟ್. ಲಾಕರಿನಲ್ಲಿ ಇದ್ದದ್ದನ್ನು ಕದಿಯುವ ಹುಚ್ಚುತನಕ್ಕೆ ಅವಳು ಹೋಗಲಿಲ್ಲ. ಮನೆಯ ಹತ್ತಿರದ ಪೊಲೀಸ್ ಚೌಕಿಗೆ ಹೋಗಿ, ಮಗಳ ಪಾಸ್‌ಪೋರ್ಟನ್ನು ರೈಲಿನಲ್ಲಿ ಬಿಟ್ಟುಬಂದೆ ಎಂದು ಕಣ್ಣು ಒರೆಸಿಕೊಂಡು ಹೇಳಿದಳು. ಕಣ್ಣೀರು ಸುಳ್ಳಾಗಿರಲಿಲ್ಲ, ಆ ದಿನಗಳಲ್ಲಿ ಅದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಪೊಲೀಸಿನವನು ಖಂಡಿತ ಸಿಗುತ್ತದೆ ಎಂದು ಧೈರ್ಯ ಹೇಳಿ ಚೀಟಿ ಬರೆದುಕೊಟ್ಟ. ಆಮೇಲೆ ತಾನೇ ಫೋನು ಮಾಡಿ, ಇನ್ನೂ ಸಿಕ್ಕಿಲ್ಲ, ಸುಮಿಮಾಸೆನ್, ಎಂದು ಕ್ಷಮೆ ಬೇರೆ ಕೇಳಿದ. ಆ ಚೀಟಿಯ ಜೊತೆಗೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಮಕ್ಕಳ ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯ ಸಹಿ ಬೇಕು. ವಿನಾಯಕನ ಸಹಿಯೋ, ಮೊದಲ ಅಕ್ಷರ ಒಂದು ಬಿಟ್ಟರೆ ಉಳಿದದ್ದೆಲ್ಲ ಒಂದು ಸೊಟ್ಟ ಗೆರೆ. ಸೂಜಿಮೊನೆಯಷ್ಟು ಮೀನಿನ ಮೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಕೊಯ್ಯುವ ಕೈಗೆ ಅದೊಂದು ಕಷ್ಟವೇ? ಹೊಸ ಪಾಸ್‌ಪೋರ್ಟು ಅಂಚೆಯಲ್ಲಿ ಪ್ರಯೋಗಾಲಯದ ವಿಳಾಸಕ್ಕೆ ಬಂತು. ಹಳೆಯದು ಅಲ್ಲಿಗೆ ರದ್ದು. ಆ ರದ್ದಿಯನ್ನು ವಿನಾಯಕ್ ಬೀಗ ಹಾಕಿ ಕಾಯುತ್ತಿದ್ದಾನೆ ಎಂದು ನೆನೆದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು, ಹಿಂದೆಯೇ ಅಯ್ಯೋ ಪಾಪ ಅನಿಸುತ್ತಿತ್ತು.

ಇನ್ನು ದಿನ. ವಿನಾಯಕ್ ಮಗಳನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದವನಲ್ಲ, ಕಂಪನಿ ಪ್ರವಾಸ ಬಂದಾಗಲೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಫೆಬ್ರವರಿಯಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಕ್ಯೂಶೂ ದ್ವೀಪದ ಹೊಸ ಕಾರ್ಖಾನೆಗೆ ಅವನೇ ಹೋಗಬೇಕೆಂದಾಯಿತು, ಭಾನುವಾರ ಹೋಗಿ ಮಂಗಳವಾರ ಬರುವುದು. ನಾನಿದ್ದೀನಲ್ಲ ಎಂದಳು ಅಹಲ್ಯಾ. ಅವಳು ಅಷ್ಟು ಸಹಜವಾಗಿ ಹೇಳಿದ್ದಕ್ಕೋ ಏನೋ, ಅವನ ಕಣ್ಣು ತುಂಬಿಬಂತು. ಕೊನೆಗೂ ಇವಳು ಸಮಾಧಾನ ಮಾಡಿಕೊಂಡಳು ಎಂದುಕೊಂಡನೇನೋ. ಅವಳು ಅದೇ ಸೋಮವಾರ ಬೆಳಿಗ್ಗೆಯ ಬ್ಯಾಂಕಾಕ್ ವಿಮಾನಕ್ಕೆ, ಹೋಗಿಬರುವ ಟಿಕೆಟ್ಟೇ ತೆಗೆದಳು. ಹಿಂದಿರುಗುವ ಟಿಕೆಟ್ ಇಲ್ಲದಿದ್ದರೆ ಪ್ರವಾಸಿ ಎಂದು ಯಾರು ನಂಬುತ್ತಾರೆ? ಬ್ಯಾಂಕಾಕಿನಿಂದ ಬೆಂಗಳೂರಿಗೆ ಅದೇ ದಿನ ರಾತ್ರಿಯ ಟಿಕೆಟ್ ಬೇರೆ, ಅದು ಇನ್ನೊಂದು ಕಂಪನಿಯದು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬರಲು ಅಕ್ಕ ಪ್ರಭಾ ಒಪ್ಪಿದ್ದಳು. ಒಪ್ಪಿದ್ದಳು ಎಂದರೆ, ಪೂರಾ ಮನಸ್ಸಿನಿಂದಲ್ಲ.

“ನಿಶಾನ ಕೇಳಿದ್ಯೇನೇ?” ಎಂದಿದ್ದಳು ಪ್ರಭಾ ಫೋನಿನಲ್ಲಿ.

“ಎಂಟು ವರ್ಷದ ಮಗೂನ ಏನಂತ ಕೇಳೋದು ಅಕ್ಕ? ಒಂದ್ಸಲ ಕೇಳಿದ್ದಕ್ಕೇ ಈ ಗತಿ ಬಂದಿದೆ.”

“ಆದ್ರೂ ಅವಳ ಸ್ಕೂಲು, ಅವಳ ಫ್ರೆಂಡ್ಸು...”

“ಮಕ್ಕಳು ಮರೀತಾರೆ,” ಎಂದಳು ಅಹಲ್ಯಾ. “ನಾನು ಮರೆಯೋಕಾಗಲ್ಲ. ನನ್ ಕೈಲಾಗಲ್ಲ ಅಕ್ಕ. ಸತ್ತೋಗ್ತೀನಿ.”

ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕೇಳಿ ಪ್ರಭಾ ಬರೆದುಕೊಂಡಳು.

ಥೈಲ್ಯಾಂಡಿನ ಕಾಗದಪತ್ರದ ವಿಷಯದಲ್ಲಿ ಅಹಲ್ಯಾ ತೋರಿಸಿದ ಶ್ರದ್ಧೆಯನ್ನು ತನ್ನ ಪ್ರಬಂಧಗಳಿಗೆ ತೋರಿಸಿದ್ದರೆ ಕೆಲಸ ಉಳಿಯುತ್ತಿತ್ತೋ ಏನೋ. ಈಗ ಅಲ್ಲಿಗೆ ಹೋಗುವವರು ವಿಮಾನದಲ್ಲಿ ಚೀಟಿ ತುಂಬುವ ಹಾಗಿಲ್ಲ, ಆಗಮನದ ಕಾರ್ಡನ್ನು ಆನ್‌ಲೈನಿನಲ್ಲೇ ತುಂಬಬೇಕು, ಅದೂ ತಲುಪುವ ಮುಂಚಿನ ಮೂರು ದಿನಗಳ ಒಳಗೆ. ಅಸಲಿ ಸೈಟಿನ ಹಾಗೇ ಕಾಣುವ ನಕಲಿ ಸೈಟುಗಳು ದುಡ್ಡು ಕೇಳುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಸರ್ಕಾರದ್ದನ್ನೇ ಹುಡುಕಿ ಹಿಡಿದಳು. ಮನೆಯವರೆಲ್ಲರ ಅರ್ಜಿಗಳಿಗೆ ಕೊಡುತ್ತಿದ್ದ ಹಳೆಯ ಇಮೇಲ್ ವಿಳಾಸ ತಾನಾಗಿ ಮೂಡಿದಾಗ ಅದನ್ನು ಅಳಿಸಿದಳು, ಏಕೆಂದರೆ ಅದನ್ನು ವಿನಾಯಕನೂ ತೆಗೆದು ನೋಡುತ್ತಾನೆ. ಹೊಸ ವಿಳಾಸ ಮಾಡಿಕೊಂಡಳು. ಯಾವ ವಿಮಾನ, ಎಲ್ಲಿ ಉಳಿಯುವುದು, ಹಿಂದಿನ ಎರಡು ವಾರ ಯಾವ ದೇಶದಲ್ಲಿದ್ದಿರಿ, ಎಲ್ಲದಕ್ಕೂ ಉತ್ತರ ಕೊಟ್ಟಳು. ಉಳಿಯುವ ಜಾಗಕ್ಕೆ ನದಿಯ ಪಕ್ಕದ ಹೋಟೆಲೊಂದನ್ನು ನಿಜವಾಗಿಯೂ ಕಾದಿರಿಸಿದಳು, ಮಕ್ಕಳ ಈಜುಕೊಳ ಇರುವಂಥದ್ದು. ಒಂದು ಗಂಟೆಯೂ ತಂಗದ ಹೋಟೆಲಿನ ಕೋಣೆಯಿಂದ ನದಿ ಕಾಣುತ್ತದೆಯೇ ಎಂದು ಸಹ ವಿಚಾರಿಸಿದಳು. ಸುಳ್ಳು ಹೇಳುವುದಾದರೆ ಹಾಗೆ ಹೇಳಬೇಕು.

ಮಗುವಿನ ಜೊತೆ ತಾಯಿ ಒಬ್ಬಳೇ ಬಂದರೆ ಕೆಲವೊಮ್ಮೆ ತಂದೆಯ ಒಪ್ಪಿಗೆಪತ್ರ ಕೇಳುತ್ತಾರೆ ಎಂದು ಎಲ್ಲೋ ಓದಿದಳು. ಅದನ್ನೂ ಬರೆದಳು, ಇಂಗ್ಲಿಷಿನಲ್ಲಿ ಒಂದು, ಜಪಾನಿಯಲ್ಲಿ ಒಂದು. ನನ್ನ ಹೆಂಡತಿ ಮಗಳನ್ನು ರಜೆಗಾಗಿ ಕರೆದೊಯ್ಯಲು ನನ್ನ ಅಭ್ಯಂತರವಿಲ್ಲ. ಕೆಳಗೆ ಆ ಸೊಟ್ಟ ಗೆರೆ. ಜಪಾನಿ ಪ್ರತಿಗೆ ವಿನಾಯಕನ ಹಂಕೊ, ಅಂದರೆ ಅವನ ಹೆಸರಿನ ಮೊಹರು, ಕೆಂಪು ಶಾಯಿಯಲ್ಲಿ. ಅದು ಟಿವಿಯ ಕೆಳಗಿನ ಡಬ್ಬಿಯಲ್ಲೇ ಬಿದ್ದಿತ್ತು. ಈ ದೇಶದಲ್ಲಿ ಮನೆ ಬಾಡಿಗೆಗೆ ಹಿಡಿಯಲು, ಬ್ಯಾಂಕ್ ಖಾತೆ ತೆರೆಯಲು ಬೇಕಾದ ಮೊಹರನ್ನು ಜನ ಹಲ್ಲುಕಡ್ಡಿಯ ಹಾಗೆ ಎಲ್ಲೆಂದರಲ್ಲಿ ಇಡುತ್ತಾರೆ. ಸಹಿಯನ್ನಾದರೆ ಕಲಿಯಬೇಕು, ಹಂಕೊ ಒತ್ತಿದರೆ ಅಸಲಿಯೇ.

ಜಪಾನಿನಿಂದ ಹೊರಗೆ ಹೋಗುವ ಕಡೆ ಇನ್ನೊಂದು ತೊಡಕು. ಇಲ್ಲಿ ನೆಲೆಸಿದ ವಿದೇಶಿಯರು ಹೊರಡುವಾಗ ಒಂದು ಚೀಟಿ ಕೊಡಬೇಕು, ಮರಳಿ ಬರುವ ಇರಾದೆ ಇದ್ದರೆ ಅದರ ಚೌಕದಲ್ಲಿ ಗುರುತು ಹಾಕಬೇಕು. ಗುರುತು ಹಾಕದವರ ವಾಸದ ಕಾರ್ಡಿಗೆ ಅಲ್ಲೇ ತೂತು ಹೊಡೆಯುತ್ತಾರೆ. ಇಬ್ಬರ ಚೀಟಿಯಲ್ಲೂ ಅಹಲ್ಯಾ ಮರಳಿ ಬರುತ್ತೇವೆ ಎಂದು ಗುರುತು ಹಾಕಲು ನಿರ್ಧರಿಸಿದಳು. ನಿಶಾಳ ಕಾರ್ಡು ಅಡುಗೆಮನೆಯ ಡ್ರಾಯರಿನಲ್ಲೇ ಇತ್ತು, ಪಾಸ್‌ಪೋರ್ಟನ್ನು ಲಾಕರಿಗೆ ಒಯ್ದವನಿಗೆ ಕಾರ್ಡಿನ ನೆನಪಾಗಿರಲಿಲ್ಲ. ತೂಗಿ ನೋಡಿದರೆ ಎಲ್ಲ ಮರೆವೂ ಅವನದೇ, ಎಲ್ಲ ಎಚ್ಚರವೂ ಇವಳದೇ.

ಆಮೇಲೆ ಅವಳು ಕಣ್ಣು ಮುಚ್ಚಿ ಕೂತು ಒಂದೇ ಪ್ರಶ್ನೆ ಕೇಳಿಕೊಂಡಳು. ಸೋಮವಾರ ಬೆಳಿಗ್ಗೆ ನಿಶಾ ಕಾಣದಿದ್ದರೆ, ಎಲ್ಲಿ ಎಂದು ಯಾರು ಕೇಳುತ್ತಾರೆ? ಶಾಲೆ. ಅದಕ್ಕೆ ಮೊಬೈಲಿನಲ್ಲೇ ವ್ಯವಸ್ಥೆ ಇತ್ತು, ಜ್ವರ ಎಂದು ಒತ್ತಿದರೆ ಟೀಚರಿಗೆ ತಲುಪುತ್ತದೆ, ಅವರು ಬೇಗ ಗುಣವಾಗಲಿ ಎಂದು ಉತ್ತರಿಸುತ್ತಾರೆ. ಶಾಲೆ ಬಿಟ್ಟ ಮೇಲೆ ಅವಳು ಹೋಗುವ ಮಕ್ಕಳ ಕೇಂದ್ರ. ಅಲ್ಲಿಗೂ ಜ್ವರ. ಸಾಯಂಕಾಲದ ಈಜು ತರಗತಿ. ಅಲ್ಲಿಗೂ. ಕೆಳಗಿನ ಮನೆಯ ಒಂಟಿ ಅಜ್ಜಿ, ಎದುರಿಗೆ ಸಿಕ್ಕವರನ್ನೆಲ್ಲ ಎಲ್ಲಿಗೆ ಎಂದು ಕೇಳುವವಳು. ಅವಳು ಏಳುವ ಮುಂಚೆ ಹೊರಡಬೇಕು, ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿನ ಚೀಲ ಸಾಕು. ಉಳಿದವನು ವಿನಾಯಕ್. ಅವನು ರಾತ್ರಿ ಊಟದ ಹೊತ್ತಿಗೆ ತಪ್ಪದೆ ವೀಡಿಯೊ ಕರೆ ಮಾಡುತ್ತಾನೆ, ಭಾನುವಾರ ಮಾಡಿ ಮುಗಿಸಿರುತ್ತಾನೆ, ಸೋಮವಾರದ್ದು ಬರುವ ಹೊತ್ತಿಗೆ ಅವರು ಬ್ಯಾಂಕಾಕಿನಲ್ಲಿ. ಹಗಲಲ್ಲಿ ಅನುಮಾನ ಬಂದರೆ ಅವನು ನೋಡುವುದು ಮಗಳು ಇರುವ ಜಾಗ ತೋರಿಸುವ ಆ ಪುಟ್ಟ ಮಕ್ಕಳ ಫೋನನ್ನು. ಅದು ಮನೆಯಲ್ಲೇ, ಅವಳ ದಿಂಬಿನ ಕೆಳಗೆ ಇರುತ್ತದೆ. ಜ್ವರ ಬಂದ ಮಗು ಇನ್ನೆಲ್ಲಿರುತ್ತದೆ? ನಿಶಾಳ ಬಗ್ಗೆ ಕೇಳಬಹುದಾದ ಒಬ್ಬರೂ ಉಳಿದಿಲ್ಲ ಎಂದು ಖಚಿತವಾಗುವ ತನಕ ಅವಳು ಇಡೀ ಊರನ್ನು ಮನಸ್ಸಿನಲ್ಲೇ ಮೂರು ಸುತ್ತು ಸುತ್ತಿ ಬಂದಳು.

ಭಾನುವಾರ ಮಧ್ಯಾಹ್ನ ವಿನಾಯಕ್ ಹೊರಟ. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಒಂದೊಂದೇ ಹೇಳುತ್ತ ಹೋದ. ಈಜಿನ ಬಟ್ಟೆ ಒಣಗಿದೆ, ಚೀಲಕ್ಕೆ ಹಾಕಬೇಕು. ಫ್ರಿಜ್ಜಿನಲ್ಲಿ ಸಾರಿದೆ. ಅವಳು ಹಾಲು ಬೇಡ ಅನ್ನುತ್ತಾಳೆ, ಬಿಡಬಾರದು. ಸೋಮವಾರ ಬೆಳಿಗ್ಗೆ ಅವಳನ್ನು ಎಷ್ಟು ಹೊತ್ತಿಗೆ ಹೊರಡಿಸಬೇಕು ಎಂದು ಶುರು ಮಾಡಿದಾಗ ಅಹಲ್ಯಾಳಿಗೆ ರೇಗಿತು.

“ಸಾಕು ವಿನಾಯಕ್. ನಾನೂ ಅವಳ ತಾಯಿನೇ. ನಂಗೂ ಗೊತ್ತು.”

ಅವನು ತಪ್ಪಾಯಿತು ಎಂಬಂತೆ ತಲೆಯಾಡಿಸಿ, ಮಗಳ ಹಣೆಗೆ ಮುತ್ತಿಟ್ಟು ಹೋದ. ಅವನು ಮೂಲೆ ತಿರುಗುವವರೆಗೆ ನಿಶಾ ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಅಹಲ್ಯಾ ನೋಡಲಿಲ್ಲ. ಒಳಗೆ ಹೋಗಿ ಮಗಳ ಸ್ವೆಟರುಗಳನ್ನು ಬೆನ್ನಿನ ಚೀಲಕ್ಕೆ ತುರುಕಿದಳು, ಮತ್ತೆ ಹೊರಗೆ ತೆಗೆದಳು. ಮೈಸೂರಿನಲ್ಲಿ ಸ್ವೆಟರು ಯಾಕೆ?

ಸೋಮವಾರ ಇನ್ನೂ ಬೆಳಕಾಗದಿರುವಾಗ ಎಬ್ಬಿಸಿ, ಇವತ್ತು ಶಾಲೆಗಲ್ಲ, ಆನೆ ನೋಡಲು, ಎಂದಾಗ ನಿಶಾ ನಂಬಲಿಲ್ಲ. ನಂಬಿದ ಮೇಲೆ ಹಾಸಿಗೆಯ ಮೇಲೇ ಕುಣಿದಳು. ಅಪ್ಪನೂ ಬರುತ್ತಾನಾ ಎಂದು ಕೇಳಿದಳು. ಆಮೇಲೆ ಎಂದಳು ಅಹಲ್ಯಾ. ಶಾಲೆಗೆ ಹೇಳಿದ್ದೀಯಾ ಎಂದು ಕೇಳಿದಳು. ಹೇಳಿದ್ದೇನೆ, ಟೀಚರ್ ಖುಷಿಯಾಗಿ ಹೋಗಿ ಬಾ ಅಂದರು ಎಂದಳು. ಮಗು ಅಷ್ಟಕ್ಕೆ ತೃಪ್ತಿಪಟ್ಟು ರೈಲಿನ ಉದ್ದಕ್ಕೂ ಅಮ್ಮನ ತೊಡೆಯ ಮೇಲೆ ಮಲಗಿ ನಿದ್ದೆ ಮಾಡಿತು. ಅಹಲ್ಯಾ ಅವಳ ಕೂದಲಲ್ಲಿ ಬೆರಳಾಡಿಸುತ್ತ, ಇಷ್ಟು ವರ್ಷದಲ್ಲಿ ಮಗಳ ಜೊತೆ ಬೆಳಗು ನೋಡುತ್ತಿರುವುದು ಇದೇ ಮೊದಲಲ್ಲವೇ ಎಂದುಕೊಂಡಳು. ಇನ್ನು ಮೇಲೆ ದಿನಾ ನೋಡಬಹುದು. ಹೊತ್ತು ನೋಡಿಕೊಂಡು ಶಾಲೆಗೆ ಜ್ವರದ ಸುದ್ದಿ ಕಳಿಸಿದಳು. ಬೇಗ ಗುಣವಾಗಲಿ ಎಂಬ ಉತ್ತರ ಬಂತು. ಫೋನನ್ನು ಪೂರ್ತಿ ಆರಿಸಿ ಚೀಲದ ತಳಕ್ಕೆ ಹಾಕಿದಳು.

ಸಮುದ್ರದ ನಡುವಿನ ನಗೋಯಾ ವಿಮಾನ ನಿಲ್ದಾಣದಲ್ಲಿ ಎಲ್ಲವೂ ಬರೆದಿಟ್ಟ ಹಾಗೇ ನಡೆಯಿತು. ಕೌಂಟರಿನ ಹುಡುಗಿ ಥೈಲ್ಯಾಂಡಿನ ಆಗಮನ ಕಾರ್ಡು ಕೇಳಿದಳು, ಅಹಲ್ಯಾ ಮುದ್ರಿಸಿ ತಂದಿದ್ದ ಹಾಳೆಗಳನ್ನು ಕೊಟ್ಟಳು. ಮರಳಿ ಬರುವ ಟಿಕೆಟ್ ಕೇಳಿದಳು, ಕೊಟ್ಟಳು. ಮಗುವಿನ ತಂದೆ ಬರುತ್ತಿಲ್ಲವೇ ಎಂದಳು, ಅಹಲ್ಯಾ ಕೆಂಪು ಹಂಕೊ ಇದ್ದ ಪತ್ರವನ್ನು ಮುಂದಿಟ್ಟಳು. ಹುಡುಗಿ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಇಷ್ಟು ಸರಿಯಾಗಿ ತಯಾರಿ ಮಾಡಿಕೊಂಡು ಬಂದದ್ದಕ್ಕೆ ತುಂಬಾ ಧನ್ಯವಾದ ಎಂದು ತಲೆ ಬಾಗಿಸಿದಳು. ಅಹಲ್ಯಾಳ ಹೆಮ್ಮೆಗೆ ಮಿತಿಯಿರಲಿಲ್ಲ. ಮೂರು ವರ್ಷ ಮೀನುಗಳ ಮೇಲೆ ಮಾಡಿದ ಕೆಲಸಕ್ಕೆ ಈ ದೇಶದಲ್ಲಿ ಯಾರೂ ಇಷ್ಟು ಮನಸಾರೆ ಧನ್ಯವಾದ ಹೇಳಿರಲಿಲ್ಲ. ಭದ್ರತೆಯ ತಪಾಸಣೆ ಮುಗಿಯಿತು. ಗುರುತು ಹಾಕಿದ ಎರಡು ಚೀಟಿ ಕೈಯಲ್ಲಿ ಹಿಡಿದು, ದೇಶ ಬಿಡುವವರ ಕೊನೆಯ ಸಾಲಿನಲ್ಲಿ ನಿಂತರು. ಮುಂದೆ ಒಂದು ಜಪಾನಿ ಕುಟುಂಬ, ಅವರಾದ ಮೇಲೆ ಇವರು. ಗಾಜಿನಾಚೆ ವಿಮಾನದ ಬಾಲ ಕಾಣುತ್ತಿತ್ತು.

ನಿಶಾ ಗೋಡೆಯ ಗಡಿಯಾರ ನೋಡುತ್ತಿದ್ದಳು. ನೋಡಿ ನೋಡಿ ಅವಳ ಮುಖ ಸಣ್ಣದಾಯಿತು.

“ಅಮ್ಮಾ, ಹಾಂಚೋಗೆ ಹೇಳಿದ್ಯಾ?”

“ಯಾರಿಗೆ ಪುಟ್ಟಾ?”

“ಹಾಂಚೋ. ಸಿಕ್ಸ್ತ್ ಗ್ರೇಡ್ ಅಕ್ಕ. ನಮ್ ಲೈನ್ ಲೀಡರ್.”

“ಸ್ಕೂಲಿಗೆ ಹೇಳಿದೀನಲ್ಲಮ್ಮ. ಅವರು ಹೇಳ್ತಾರೆ ಬಿಡು.”

“ನೋ, ಸ್ಕೂಲ್ ಈಸ್ ಡಿಫರೆಂಟ್,” ಎಂದಳು ನಿಶಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಹಾಂಚೋ ಮಮ್ಮಿಗೆ ಅಪ್ಪ ಮೆಸೇಜ್ ಮಾಡ್ಬೇಕು. ಮಾಡಿಲ್ಲಾಂದ್ರೆ ಎಲ್ರೂ ವೇಟ್ ಮಾಡ್ತಾರೆ. ನನ್ ಬಿಟ್ಟು ಹೋಗಲ್ಲ ಅವ್ರು.”

ಒಕಾಜಾಕಿಯಲ್ಲಿ ಮಕ್ಕಳು ಶಾಲೆಗೆ ಒಬ್ಬೊಬ್ಬರೇ ಹೋಗುವುದಿಲ್ಲ. ಓಣಿಯ ಮಕ್ಕಳೆಲ್ಲ ಬೆಳಿಗ್ಗೆ ಒಂದು ಮೂಲೆಯಲ್ಲಿ ಕೂಡಿ, ದೊಡ್ಡ ತರಗತಿಯ ಒಬ್ಬರ ಹಿಂದೆ ಸಾಲಾಗಿ ನಡೆದು ಹೋಗುತ್ತಾರೆ. ಯಾರಾದರೂ ಬರದಿದ್ದರೆ ಆ ಮನೆಯವರು ಸಾಲಿನವರಿಗೆ ಬೇರೆಯಾಗಿ ತಿಳಿಸಬೇಕು, ಟೀಚರಿಗೆ ಹೋದ ಜ್ವರದ ಸುದ್ದಿ ಮೂಲೆಯಲ್ಲಿ ನಿಂತ ಮಕ್ಕಳಿಗೆ ತಲುಪುವುದಿಲ್ಲ. ಊರಿನ ಪ್ರತಿ ತಾಯಿಗೂ ಪ್ರತಿ ತಂದೆಗೂ ಗೊತ್ತಿರುವ ಈ ಸಂಗತಿ, ಒಂದು ಬೆಳಿಗ್ಗೆಯೂ ಮಗಳನ್ನು ಶಾಲೆಗೆ ಹೊರಡಿಸದ ಅಹಲ್ಯಾಳಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಚೀಲದ ತಳದಿಂದ ಫೋನು ತೆಗೆದು ಹಚ್ಚಿದಳು. ವಿನಾಯಕನ ಕರೆಗಳು ಒಂದರ ಹಿಂದೊಂದು ಬಂದು ಬಿದ್ದಿದ್ದವು, ಜೊತೆಗೆ ಅವನ ಸಂದೇಶಗಳು. ಹಾಂಚೋ ತಾಯಿ ಫೋನ್ ಮಾಡಿದ್ದರು, ನಿಶಾ ಬರಲಿಲ್ಲ, ಮಕ್ಕಳು ಕಾಯುತ್ತಿದ್ದಾರೆ ಅಂದರು. ಶಾಲೆಯವರು ಜ್ವರ ಅಂತಾರೆ, ಎಷ್ಟಿದೆ ಜ್ವರ? ಕೆಳಗಿನ ಅಜ್ಜಿ ಬೆಲ್ ಒತ್ತಿದರೆ ಯಾರೂ ತೆಗೆಯುತ್ತಿಲ್ಲವಂತೆ. ಅಹಲ್ಯಾ, ಎಲ್ಲಿದ್ದೀಯ? ಕೊನೆಯದರಲ್ಲಿ ಒಂದೇ ಸಾಲು ಇತ್ತು, ನಾನು ಆ ಫೋನ್ ಮಾಡಬೇಕಾಯಿತು, ಕ್ಷಮಿಸು. ಅವಳು ತಲೆ ಎತ್ತುವಷ್ಟರಲ್ಲಿ ಸಮವಸ್ತ್ರದ ಇಬ್ಬರು ಸಾಲಿನ ಪಕ್ಕದಲ್ಲೇ ಬಂದು ನಿಂತಿದ್ದರು. ಸುಮಿಮಾಸೆನ್, ಅಹಲ್ಯಾ-ಸಾನ್ ತಾವೇ ಅಲ್ಲವೇ ಎಂದು ಬಹಳ ಮೆಲುದನಿಯಲ್ಲಿ ಕೇಳಿದರು. ಅವಳು ಮಗಳ ಕೈಯನ್ನು ಬಿಡಲಿಲ್ಲ. ನಿಶಾ ಅವರಿಬ್ಬರ ಕಡೆ ತಿರುಗಿ ಜಪಾನಿಯಲ್ಲಿ, ಮಕ್ಕಳು ನನಗಾಗಿ ಇನ್ನೂ ಮೂಲೆಯಲ್ಲೇ ನಿಂತಿದ್ದಾರಾ ಎಂದು ಕೇಳಿದಳು.